ಹಡಗಿನಲ್ಲಿ ಬಂದ ಬೇರು

ಅಪ್ಪಿಯಕ್ಕನ ನುಗ್ಗೆಮರ ಶುಕ್ರವಾರ ಬಿತ್ತು,
ಗಾಳಿಗಲ್ಲ, ಜೆಸಿಬಿಗೆ.
ಜೆಪ್ಪುವಿನ ನಮ್ಮ ಓಣಿಗೆ ಕಾಂಕ್ರೀಟು ಬರುತ್ತದಂತೆ.
ಸೊಪ್ಪನ್ನು ಓಣಿಯವರೆಲ್ಲ ಹಂಚಿಕೊಂಡರು,
ಬುಡ ಯಾರಿಗೂ ಬೇಡ.
ನಾನು ಕತ್ತಿ ಹಿಡಿದು ಹೊಂಡಕ್ಕಿಳಿದೆ,
ಅರುವತ್ತೆರಡರ ಮೊಣಗಂಟು ಎರಡು ಸಲ ಬೈಯಿತು.

"ಬೇರು ಎಂತಕ್ಕೆ ಬಾಯಿ?" ಅಂದಳು ಅಪ್ಪಿಯಕ್ಕ.
"ಚಟ್ನಿಗೆ," ಅಂದೆ.
ಪೂರ್ತಿ ಸುಳ್ಳಲ್ಲ.

ಬೆಳಿಗ್ಗೆ ಮಾರ್ಕೆಟ್ಟಿನಿಂದ ತಂದದ್ದು
ಚೀಲದ ಅಡಿಯಲ್ಲಿತ್ತು, ಎರಡು ಕಿಲೋ, ತೊಡೆಯ ಭಾಗ.
ಮೇಲೆ ಬಸಳೆಯ ಕಟ್ಟು ಮಲಗಿಸಿದ್ದೆ.
ಮೊದಲೆಲ್ಲ ಬಸಳೆ
ಬೇಕೆಂದೇ ಕೊಳ್ಳುತ್ತಿದ್ದೆ.

ನನ್ನಜ್ಜ, ಬಟ್ಲೆರ್ ಸಾಲು,
ಹಂಚಿನ ಕಾರ್ಖಾನೆಯ ದೊರೆಯ ಬಂಗಲೆಯಲ್ಲಿ
ಹತ್ತೊಂಬತ್ತು ವರ್ಷ ಬೇಯಿಸಿದವ.
ಭಾನುವಾರ ದೊರೆಗೆ ದನದ ರೋಸ್ಟು,
ಬದಿಗೆ ಮೂಗಿಗೆ ಹತ್ತುವ ಬಿಳಿ ಸಾಸು.
ಅದಕ್ಕೆ ಕುದುರೆ ಮೂಲಂಗಿಯೇ ಆಗಬೇಕು.
ಕುದುರೆಗೂ ಅದಕ್ಕೂ ಸಂಬಂಧವಿಲ್ಲ,
ನಮ್ಮ ಮೂಲಂಗಿಗೂ ಇಲ್ಲ,
ದೊರೆಯ ಊರಿನ ಚಳಿಮಣ್ಣಿನಲ್ಲಿ ಆಗುವಂಥದ್ದು.
"ಹಡಗಿನಲ್ಲಿ ಬಂತೋ ಸಾಲು?"
"ಬಂತು ದೊರೆಗಳೇ."
ಬಂದದ್ದು ಬಚ್ಚಲಿನ ಹಿಂದಿನಿಂದ.
ದೊರೆ ಕಣ್ಣೊರೆಸಿಕೊಂಡು ಅನ್ನುತ್ತಿದ್ದನಂತೆ,
ಎಷ್ಟಾದರೂ ನಮ್ಮೂರಿನ ರುಚಿ ನಮ್ಮೂರಿನದ್ದೇ.

ತೊಗಟೆ ಪೂರ್ತಿ ಕೆತ್ತು, ಅದು ನಂಜು,
ಬೆರಳಷ್ಟು ಬೇರು ಸಾಕು, ಆಸೆ ಬೇಡ:
ಅಜ್ಜ ಬೈದು ಕಲಿಸಿದ್ದು.
ಕೆತ್ತಿದೆ. ಹೆರೆಮಣೆಗೆ ಒತ್ತಿದೆ.
ಕಾಯಿ ಹೆರೆದೇ ಮುದಿಯಾದ ಹಲ್ಲು
ಈ ಹೊಸ ಕೆಲಸಕ್ಕೆ ಕಿರುಗುಟ್ಟಿತು.

ಇನ್ನು ಕಳ್ಳಿನ ವಿನೆಗರು.
ಕೂಡಲೇ ಹೊಯ್ದರೆ ಬೇರು ಸಪ್ಪೆ,
ತಡ ಮಾಡಿದಷ್ಟೂ ಉರಿ.
ಅಜ್ಜ ಕಾಯುತ್ತಿದ್ದದ್ದು ಮೂರು ನಮಾನ್ ಮರಿಯೆ.
ದೊರೆಯ ಮೇಲೆ ಸಿಟ್ಟಿದ್ದ ದಿನ
ಅಜ್ಜನ ಭಕ್ತಿ ಹೆಚ್ಚುತ್ತಿತ್ತು,
ಇಡೀ ತೇರ್ಸ್ ಮುಗಿಯುವವರೆಗೆ
ಬಾಟಲಿಯ ಬಿರಡೆ ತೆಗೆಯುತ್ತಿರಲಿಲ್ಲ.

ನಾನು ಐದು ಹೇಳಿದೆ.
ಯಾರ ಮೇಲೆ ಸಿಟ್ಟು ಅಂತ ನನ್ನನ್ನು ಕೇಳಬೇಡಿ,
ಬಸಳೆಯನ್ನು ಕೇಳಿ.

ಆಮೇಲೆ ಮೂರು ದಿನ ಕೂಡಿಟ್ಟ ಕೆನೆ,
ಉಪ್ಪು, ಚಿಟಿಕೆ ಸಕ್ಕರೆ, ಅರೆದ ಸಾಸಿವೆ ಚೂರು.
ಕಡೆದರೆ ಬೆಣ್ಣೆಯಾಗುತ್ತದೆ,
ಮೆಲ್ಲ ಮಡಚಬೇಕು,
ಹೊಸ ಸೀರೆಯನ್ನು ಪೆಟ್ಟಿಗೆಗಿಡುವ ಹಾಗೆ.

ಹಿಂಬಾಗಿಲಲ್ಲಿ ಅಪ್ಪಿಯಕ್ಕ,
ಕೈಯಲ್ಲಿ ಗಂಜಿಯ ಬಟ್ಟಲು.
"ಬೇರು ಅಗೆದು ಕೊಡುತ್ತಿದ್ದದ್ದು ನನ್ನಜ್ಜ ತ್ಯಾಂಪ.
ನಿನ್ನಜ್ಜ ದೊರೆಗೆ ಹೇಳಿದ ಸುಳ್ಳು ಆಯಿತು,
ನನಗೂ ಹೇಳಬೇಕೋ ಮಾರಾಯ್ತಿ?"

ಒಲೆಯ ಮೇಲೆ ಮಾಂಸ, ಲವಂಗ, ಕರಿಮೆಣಸು,
ಮುಚ್ಚಳದ ಸಂದಿಯಿಂದ ಎಲ್ಲ ಹೇಳುತ್ತಿದ್ದವು.
ಅವಳು ಅತ್ತ ನೋಡಲಿಲ್ಲ,
ಮೂಗಿಗೆ ಸೆರಗೂ ಹಿಡಿಯಲಿಲ್ಲ.
"ಅದು ನಮಗಾಗದು. ಈ ಬಿಳಿಯದ್ದು ಒಂದು ಚಮಚ ಹಾಕು.
ಆ ಸೌಟು ಇದಕ್ಕೆ ತಾಗಿಲ್ಲವಷ್ಟೆ?"
"ಇಲ್ಲ."
ಆದರೂ ಹೊಸ ಚಮಚ ತೊಳೆದು ತಂದೆ.

ಕುಚ್ಚಲಕ್ಕಿಯ ಬಿಸಿಗೆ ಕೆನೆ ಕರಗಿತು,
ಬೇರು ಕರಗಲಿಲ್ಲ.
ಮೊದಲ ತುತ್ತಿಗೆ ಅವಳ ಕಣ್ಣು ಅರಳಿತು,
ಆಮೇಲೆ ಮುಚ್ಚಿತು,
ಆಮೇಲೆ ನೆತ್ತಿ ತಟ್ಟಿಕೊಳ್ಳುತ್ತ ನಗು:
"ಅಯ್ಯೋ, ಪಾಪ ದೊರೆ!"
ನಾನೂ ಬೆರಳದ್ದಿ ನೆಕ್ಕಿದೆ.
ಇಬ್ಬರೂ ಮೆಟ್ಟಿಲ ಮೇಲೆ ಕೂತು
ಮೂಗು ಸೀನಿದೆವು, ಒಂದೇ ಬೈರಾಸಿಗೆ.

ಹೋಗುವಾಗ ಅಂದಳು:
"ಒಂದು ಗೆಲ್ಲು ತೆಗೆದಿಟ್ಟಿದ್ದೇನೆ.
ನಿನ್ನ ಬಚ್ಚಲಿನ ಹಿಂದೆ ಊರು, ಅಲ್ಲಿಗೆ ಜೆಸಿಬಿ ಬಾರದು.
ಯಾರಾದರೂ ಕೇಳಿದರೆ
ಹಡಗಿನಲ್ಲಿ ಬಂತು ಅನ್ನು."

ಅಷ್ಟರಲ್ಲಿ ರೋಸ್ಟು ತಳ ಹಿಡಿದಿತ್ತು.